ಕೆಚ್ಚಿನ ತೂಕ

ಖಾನಾಪುರದ ಸಾಮಿಲ್ಲಿನ ಹಿಂದೆ,
ರೈಲ್ವೆ ಗೋಡೆಗೆ ಬೆನ್ನು ಕೊಟ್ಟ ತಗಡಿನ ಶೆಡ್ಡಿನಲ್ಲಿ
ಐತವಾರಕ್ಕೊಮ್ಮೆ ಎರಡು ತುಂಡು ತೂಗುವುದು ನನ್ನ ಕೆಲಸ.
ಒಂದು ಹೊನ್ನೆಯ ಬಿಳಿ, ತೊಗಟೆಗೆ ಹತ್ತಿಕೊಂಡಿದ್ದು.
ಇನ್ನೊಂದು ಅದರ ಕೆಚ್ಚು.

ಒಂದೇ ಮರ, ಒಂದೇ ಗರಗಸ, ಒಂದೇ ದಿನ ಕೊಯ್ದದ್ದು.
ಬಿಳಿ ಮೂರು ವಾರದಲ್ಲಿ ಹಗುರಾಯಿತು,
ಮನೆಯ ಮಾತನ್ನೆಲ್ಲ ನಳದ ಕಟ್ಟೆಯಲ್ಲಿ ಚೆಲ್ಲಿ ಬಂದವಳ ಹಾಗೆ.
ಕೆಚ್ಚು?
ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ, ನೋಡಿ:
ಒಂಬೈನೂರಾ ಇಪ್ಪತ್ತು. ಒಂಬೈನೂರಾ ಹನ್ನೊಂದು. ಒಂಬೈನೂರಾ ನಾಲ್ಕು.
ನಡುವೆ ಒಂದು ವಾರ ಜಿಟಿಜಿಟಿ,
ಮತ್ತೆ ಒಂಬೈನೂರಾ ಆರು.

ಚಂದೂರ ಮಾಸ್ತರರಿಗೆ ತಲಬಾಗಿಲ ಅವಸರ.
'ಬಿಸಿಲಿಗೆ ಇಡ್ರಿ. ಫ್ಯಾನ್ ಹಚ್ರಿ. ಹದಿನೆಂಟಕ್ಕ ವಾಸ್ತುಶಾಂತಿ ಐತಿ.'
ಮೌನಪ್ಪ ಮಾವ ಮಾತಾಡಲಿಲ್ಲ.
ಉಜ್ಜುಗೊರಡಿನ ಕೆಳಗಿಂದ ಒಂದು ಸುರುಳಿ ಹೆಕ್ಕಿ
ಚಾದ ಗ್ಲಾಸಿನ ನೀರಿಗೆ ಬಿಟ್ಟ.
ಬೀಡಿ ಮುಗಿಯುವವರೆಗೆ ಕಾದು
ಬಾಗಿಲ ಬೆಳಕಿಗೆ ಹಿಡಿದ:
ಒಳಗೆ ಹಳದಿ, ಅಂಚಿಗೆ
ಹಳೆಯ ರೇಶನ್ ಸೀಮೆಎಣ್ಣೆಯ ನೀಲಿ.

'ಇದು ಒಳಗ ಕುಂತೈತ್ರಿ ಮಾಸ್ತರ.
ಮರ ಎಳೇದಿದ್ದಾಗ ನೀರು ಏರಿದ ಕೊಳವಿ ಇರತಾವಲ್ಲ,
ವಯಸ್ಸಾದಂಗ ಒಂದೊಂದಕ್ಕೂ ಒಗರು ತುಂಬಿ, ಅಂಟು ತುಂಬಿ
ಅಗಳಿ ಹಾಕ್ಕೊಂಡೈತಿ.
ಗೆದ್ದಲಿ ಬರಬಾರದು ಅಂತ ಹಾಕಿದ್ದು.
ಈಗ ನೀರು ಹೊರಗ ಹೋಗಾಕೂ ಅದ ಅಗಳಿ.'

ಹೋದ ವರ್ಷ ಒಂದು ಮತ್ತಿ ಹಲಗೆಯನ್ನು
ಯಾರದೋ ಒತ್ತಾಯಕ್ಕೆ ಬಿಸಿಲಿಗಿಟ್ಟಿದ್ದೆವು.
ಮೇಲೆ ಸೆಟೆದು, ಒಳಗೆ ಹಸಿಯಾಗಿಯೇ ಉಳಿದು
ಮೂರನೆಯ ರಾತ್ರಿ ಸಿಡಿಯಿತು.
ಓಣಿಯ ನಾಯಿಗಳೆಲ್ಲ ಎದ್ದವು.

ನಾನು ಇಲ್ಲಿಗೆ ಬಂದ ಮೊದಲ ತಿಂಗಳು
ಹೆಂಗಸರು ಸಾಲಾಗಿ ಬಂದು ಹೇಳುತ್ತಿದ್ದರು,
'ಅತ್ತುಬಿಡವ್ವಾ, ಹಗುರಾಗತೈತಿ.'
ಮಾವ ಒಂದು ಮಾತೂ ಅನ್ನದೆ
ಕಿರಾಣಿ ಅಂಗಡಿಯವರು ಒಗೆದ ತಕ್ಕಡಿ ತಂದುಕೊಟ್ಟ.
ಹಲಗೆಯ ತುದಿಗೆ ಸಗಣಿ ಬಳಿಯುವುದು,
ಗೋಣಿ ಹೊದಿಸಿ ನೆರಳಲ್ಲಿ ಒಟ್ಟುವುದು,
ನಡುವೆ ಪಟ್ಟಿ ಇಟ್ಟು ಗಾಳಿಗೆ ಸಂದು ಬಿಡುವುದು,
ಅಷ್ಟು ಕಲಿಸಿದ.

ಮಾಸ್ತರರು ಗ್ಲಾಸು ದಿಟ್ಟಿಸಿದರು.
'ಸಕ್ಕರಿ ಬ್ಯಾನಿಗೆ ಛಲೋ ಅಂತಾರಲ್ಲ ಇದು?'
ಅಂದವರೇ ಕುಡಿದುಬಿಟ್ಟರು,
ಮುಖ ಹಿಂಡಿಕೊಂಡು
ಬಾಕಿ ಹಣದಲ್ಲಿ ಅರ್ಧ ಎಣಿಸಿಟ್ಟು ಹೋದರು.

ಹದಿನೆಂಟಕ್ಕೆ ನಾವೂ ಊಟಕ್ಕೆ ಹೋಗಿದ್ದೆವು.
ಹೊಸ ಮನೆ, ಸುಣ್ಣದ ವಾಸನೆ,
ಬಾಗಿಲಿಲ್ಲದ ಚೌಕಟ್ಟಿಗೆ ಕೆಂಪು ಪಟ್ಟೆಯ ಜಮಖಾನೆ.
ಬಂದವರೆಲ್ಲ ತಲೆ ಬಾಗಿಸಿ, ನಕ್ಕು, ಸರಿಸಿ ಒಳಗೆ ಹೋದರು.

ಹೋಳಿಗೆ ಕಲಸುವಾಗ ತುಪ್ಪದ ಜೊತೆ ಕಂಡಿತು
ಉಗುರಿನ ಸಂದಿಯ ಹಳದಿ.
ಮೂರು ಸಲ ಸಾಬೂನು ಹಚ್ಚಿದ್ದೆ.

ಇವತ್ತು ಎಂಟುನೂರಾ ತೊಂಬತ್ತೆಂಟು.