ನೆಟ್ಟಗೆ ನಿಲ್ಲುವ ಪರದೆ

ಮೂರು ಪೆಟ್ಟಿಗೆ ಇಳಿಸಿದೆ ದುಲ್ಮಾಳ ಅಂಗಡಿಯ ನೆಲಕ್ಕೆ.
ಉಲಾನ್‌ಬಾತರಿನ ಪೇಟೆ, ಹತ್ತೂವರೆಯ ಬಿಸಿಲು,
ಮೈನಸ್ ಇಪ್ಪತ್ತೆಂಟು.
ಹೊರಗೆ ಕಲ್ಲಿದ್ದಲ ಹೊಗೆ, ಒಳಗೆ ಬೂಜ್ ಬೇಯುವ ಆವಿ,
ನಡುವೆ ಒಂದೇ ಗಾಜು, ಅದಕ್ಕೂ ಬಿರುಕು.

"ಯಾವುದು ಅಗ್ಗ?" ಎಂದಳು, ಕೈಯ ಹಿಟ್ಟು ಒರೆಸದೆ.
ಅಗ್ಗದ್ದು ಮನೆಯ ಟೀವಿ, ಎಂದೆ.
ಸೋಫಾದ ಎದುರು ಬೆಳೆದ ಜೀವ,
ಸಂಜೆ ನಾಲ್ಕು ತಾಸು ದುಡಿದರೆ ಸುಸ್ತು.
ಬೆಳಗಿನ ಎಂಟಕ್ಕೆ ಎಬ್ಬಿಸಿ ರಾತ್ರಿ ಹತ್ತರ ತನಕ ನಿಲ್ಲಿಸಿಕೊಂಡರೆ
ವರ್ಷದೊಳಗೆ ನಿನ್ನ ಬೂಜಿನ ಚಿತ್ರ
ಅದರ ಮೈಗೆ ಹಚ್ಚೆಯಾಗಿ ಕೂರುತ್ತದೆ.
ಆಮೇಲೆ ಚಹಾ ತೋರಿಸಿದರೂ
ಚಹಾದ ತಳದಲ್ಲಿ ಬೂಜಿನ ನೆರಳು.

"ಒಳ್ಳೆಯದೇ ಆಯ್ತಲ್ಲ," ಎಂದಳು, "ಒಂದು ಕಾಸಿಗೆ ಎರಡು ಮಾರಾಟ."

ಎರಡನೆಯದು ಅಂಗಡಿಗೆಂದೇ ಹುಟ್ಟಿದ್ದು, ಏಳುನೂರು ನಿಟ್ ಬೆಳಕು.
ನಿಟ್ ಎಂದರೇನೆಂದು ಕೇಳಲಿಲ್ಲ ಅವಳು.
ಹಿಮದ ಮೇಲಿಂದ ಎಗರಿ ಬಂದ ಸೂರ್ಯ
ದಕ್ಷಿಣದ ಕಿಟಕಿಯಲ್ಲಿ ನನ್ನ ಫೋನನ್ನು ಕುರುಡು ಮಾಡಿದ್ದ ಕಂಡಳು,
ಸಾಕಾಯಿತು.
ಮೂರನೆಯದಕ್ಕೆ ಒಳಗೇ ಹೀಟರು, ಬೆಳಕು ಮೂರೂವರೆ ಪಟ್ಟು,
ಬೆಲೆ ನಾಲ್ಕು ಕುದುರೆಯದು.
"ಹತ್ತಿ ಕೂತರೆ ಓಡುತ್ತದೆಯೇ?"
ಆ ಪೆಟ್ಟಿಗೆಯನ್ನು ನಾನು ಬಿಚ್ಚಲೇ ಇಲ್ಲ.

ಚಳಿಯ ಮಾತು ಮಾತ್ರ ಬಿಚ್ಚಿ ಹೇಳಿದೆ:
ರಾತ್ರಿ ನೀನು ಒಲೆ ಆರಿಸಿ ಹೋದ ಮೇಲೆ
ಗಾಜಿನೊಳಗಿನ ದ್ರವ ಮಂದವಾಗುತ್ತದೆ,
ಆರಿದ ಕುರಿಸಾರಿನ ಮೇಲೆ ಕೊಬ್ಬು ಕಟ್ಟುವ ಹಾಗೆ.
ಬೆಳಗ್ಗೆ ಬಂದವಳೇ ಸ್ವಿಚ್ಚು ಒತ್ತಬೇಡ.
ಮೊದಲು ಒಲೆ, ಆಮೇಲೆ ನಿನ್ನ ಚಹಾ,
ಕೊನೆಗೆ ಪರದೆ.
ಆವಿಗೆ ಎದುರಾಗಿ ತೂಗುಹಾಕಬೇಡ,
ಬೆನ್ನಿನೊಳಗೆ ಹೊಕ್ಕ ಆವಿ ಹನಿಯಾಗಿ ಬೋರ್ಡಿನ ಮೇಲೆ ಬಿದ್ದರೆ
ನನ್ನ ಗ್ಯಾರಂಟಿ ಕಾರ್ಡಿಗೆ ಬಾಯಿಲ್ಲ.

ಅಳೆದೂ ತೂಗಿ ಎರಡನೆಯದೇ ಎಂದು ಗೋಡೆಗೆ ತೂತು ಕೊರೆಯುವಾಗ
ಮೂಲೆಯಿಂದ ಒಂದು ಕೆಮ್ಮು.
ಅವಳ ಸೋದರಮಾವ ಯೋಂದೋನ್. ಬೋರ್ಡು ಬರೆಯುತ್ತಿದ್ದವನು,
ನಲವತ್ತು ವರ್ಷ ರಷ್ಯದ ಅಕ್ಷರ ಬರೆದು ಹೊಟ್ಟೆ ಹೊರೆದವನು.
"ಅಡ್ಡ ಯಾಕೆ? ನಿಲ್ಲಿಸು," ಎಂದ.
"ನಮ್ಮ ಅಕ್ಷರ ಮೇಲಿಂದ ಇಳಿಯುತ್ತದೆ.
ಅವ್ವ ಒಲೆಯ ಬೂದಿಯಲ್ಲಿ ಬರೆದು ಕಲಿಸಿದ್ದು."

ಅಣ್ಣಾ, ಯಂತ್ರಕ್ಕೂ ಮೇಲು ಕೆಳಗು ಇದೆ, ಎಂದೆ.
ಗಾಳಿಗಂಡಿ ಪಕ್ಕಕ್ಕೆ ತಿರುಗಿದರೆ
ಬಿಸಿ ಮೇಲೇರಿ ನೆತ್ತಿಯಲ್ಲಿ ಕಟ್ಟಿಕೊಳ್ಳುತ್ತದೆ, ಒಂದು ಬದಿ ಹಳದಿ.
ಟೀವಿಯಾಗಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ.
ಇದಕ್ಕೆ ಪುಸ್ತಕ ತೆಗೆದು ನೋಡಿದೆ,
ಹನ್ನೊಂದನೆಯ ಪುಟ, ಸಣ್ಣಕ್ಷರ: ನಿಂತೂ ನಡೆಯುತ್ತದೆ.

ನಿಲ್ಲಿಸಿದೆವು.
ಅಂಗೈಯಗಲದ ಪ್ಲೇಯರು ಬೆನ್ನಿಗೆ ಅಂಟಿಸಿದೆ, ಫ್ಯಾನಿಲ್ಲದ್ದು,
ಹಿಟ್ಟಿನ ಧೂಳು ಕುಡಿದು ಫ್ಯಾನು ಬದುಕುವುದಿಲ್ಲ.
ಅಕ್ಷರ ಹಾಕಿದರೆ
ಒಂದೊಂದೂ ಕೈಬಿಟ್ಟುಕೊಂಡು ಬೇರೆ ಬೇರೆ ಬಿದ್ದವು,
ಕೆಲವು ಅಡ್ಡಡ್ಡ ಮಲಗಿದವು.
ಮುದುಕ ಬಹಳ ಹೊತ್ತು ನೋಡಿದ.
"ಕುಡಿದಿದ್ದಾವೆ," ಎಂದ.

ಕುಂಚ ತಂದ. ಹಿಟ್ಟಿನ ಚೀಲದ ಕಾಗದ ಹರಿದು
ಬೂಜ್, ಹುಷೂರ್, ಉಪ್ಪಿನ ಚಹಾ,
ಒಂದೇ ಉಸಿರಿಗೆ ಒಂದು ಹೆಸರು ಇಳಿಸಿದ.
ನಾನು ಫೋಟೋ ತೆಗೆದೆ.
ಹೀಗೆ ಆ ಲಿಪಿ ಚಿತ್ರವಾಗಿ ಪರದೆಗೆ ಹತ್ತಿತು,
ನನ್ನ ಯಂತ್ರಕ್ಕೆ ಅದೇನೆಂದು ತಿಳಿಯದಂತೆಯೇ.

ಮುಂದಿನ ತಿಂಗಳು ಕುರಿಮಾಂಸ ತುಟ್ಟಿಯಾದರೆ?
ದುಲ್ಮಾ ಕೇಳಿದ್ದು ಆಗ.
ಬೆಲೆಯೂ ಚಿತ್ರದಲ್ಲೇ ಸಿಕ್ಕಿಕೊಂಡಿದೆಯಲ್ಲ!
ಅಂಕಿಗಳನ್ನು ಬಿಡಿಬಿಡಿಯಾಗಿ ಬರೆದುಕೊಡು ಮಾವಾ,
ನಾನು ಜೋಡಿಸುತ್ತೇನೆ, ಎಂದೆ.
ಒಂದರಿಂದ ಒಂಬತ್ತು ಬರೆದ.
ಸೊನ್ನೆಗೆ ಬಂದಾಗ ಕುಂಚ ಎತ್ತಿ, ಗೋಡೆಯ ಬೆಲೆಪಟ್ಟಿ ನೋಡಿ,
ಸೊಸೆಯ ಮುಖ ನೋಡಿ,
ಒಂದರ ಪಕ್ಕ ಒಂದು
ಆರು ಸೊನ್ನೆ ಬರೆದ.

ಒಂದು ಸಾಕು, ಎಂದು ನಾನು ಹೇಳಬಹುದಿತ್ತು.