ಗಟ್ಟಿ ಬಟ್ಟೆ ಸಿಗುವ ತನಕ

ಎಣಿಸುವುದು ನನ್ನ ಕೆಲಸ.
ಜಿಂದೆರ್ ಊರಿನ ದೊಡ್ಡಾಸ್ಪತ್ರೆಯಲ್ಲಿ
ಸೂಜಿ ಹನ್ನೊಂದು, ಕತ್ತರಿ ನಾಲ್ಕು, ಒರೆಸುಬಟ್ಟೆ ಮೂವತ್ತು.
ಹೊಟ್ಟೆ ತೆರೆಯುವ ಮೊದಲೊಮ್ಮೆ, ಮುಚ್ಚುವ ಮೊದಲೊಮ್ಮೆ.
ಲೆಕ್ಕ ತಪ್ಪಿದರೆ ಯಾರೂ ಮನೆಗೆ ಹೋಗುವಂತಿಲ್ಲ.

ಆಗಸ್ಟಿನಲ್ಲಿ ಬಂದಳು ಬಲ್ಕಿಸ್ಸಾ, ಒಂಬತ್ತು ವರ್ಷ.
ಅಪ್ಪ ಲಾವಾಲಿ, ಬಿರ್ನಿ ಕೇರಿಯ ದರ್ಜಿ,
ನಿಲುವಂಗಿಯ ಎದೆಗೆ ಕಸೂತಿ ಹಾಕುವವನು,
ಕತ್ತೆಗಾಡಿಯಲ್ಲಿ ಮಲಗಿಸಿ ತಂದಿದ್ದ.
ಮೂರು ವಾರದ ಜ್ವರ. ಮೆಟ್ಟಿಲು ಹತ್ತುವ ಜ್ವರ,
ನಿನ್ನೆಗಿಂತ ಇಂದು ಒಂದು ಮೆಟ್ಟಿಲು ಮೇಲೆ.
ಮಲೇರಿಯಾ ಎಂದು ಮಾತ್ರೆ ನುಂಗಿಸಿದರು.
ಹಲಗೆಯ ಮೇಲೆ ಪವಿತ್ರ ವಾಕ್ಯ ಬರೆದು
ತೊಳೆದ ಮಸಿನೀರು ಕುಡಿಸಿದರು.
ವಾಕ್ಯಕ್ಕೆ ದೋಷವಿಲ್ಲ; ನೀರಿನ ಮಾತು ಬೇರೆ.
ನಿನ್ನೆ ಸಂಜೆ ಒಮ್ಮೆ ಚೀರಿದಳಂತೆ.
ಆಮೇಲೆ ಚೀರಲಿಲ್ಲ.

ಮುಟ್ಟಿದರೆ ಹೊಟ್ಟೆ ಮರದ ಹಲಗೆ.
ಕಿವಿಯಿಟ್ಟರೆ ಗುಡುಗುಡು ಇಲ್ಲ.
ಹಸಿದ ಹೊಟ್ಟೆಯಾದರೂ ಮಾತಾಡುತ್ತದೆ,
ಇದು ಬೀಗ ಹಾಕಿದ ಮನೆ.

ಅದು ಬಂದದ್ದು ತಳ್ಳುಗಾಡಿಯ ಹಳದಿ ಕ್ಯಾನಿನಲ್ಲಿ,
ದುಡ್ಡು ಕೊಟ್ಟು ಕೊಂಡ ನೀರಿನಲ್ಲಿ.
ಜಠರದ ಹುಳಿ ದಾಟಿ
ಸಣ್ಣಕರುಳಿನ ಕೊನೆಯ ಎರಡು ಮೊಳದಲ್ಲಿ
ಕಾವಲುಗಾರರು ಕೂತ ಚಾವಡಿಯನ್ನೇ ಹುಡುಕಿತು.
ಕಾವಲುಗಾರ ನುಂಗಿದ.
ನುಂಗಿಸಿಕೊಳ್ಳುವುದೇ ಅದಕ್ಕೆ ಬೇಕಿತ್ತು.
ಅವನೊಳಗೇ ಚಾಪೆ ಹಾಸಿ, ಸಂಸಾರ ಹೂಡಿ,
ಅವನ ಹೆಗಲ ಮೇಲೆಯೇ ಊರು ಸುತ್ತಿತು:
ಗುಲ್ಮ, ಯಕೃತ್ತು, ಮೂಳೆಯ ಮಜ್ಜೆ,
ಪಿತ್ತಕೋಶದ ಹಸಿರು ಕತ್ತಲು.
ಪಿತ್ತದ ಜೊತೆ ಇಳಿದು ಮತ್ತೆ ಅದೇ ಚಾವಡಿಗೆ ಬಂದಾಗ
ಈ ಸಲ ಗುರುತು ಹಿಡಿದರು.
ಆ ರೋಷಕ್ಕೆ ಗೋಡೆ ಊದಿತು, ಕಪ್ಪಾಯಿತು, ಕಳಚಿ ಬಿತ್ತು.
ಬೇಲಿ ಎದ್ದು ಹೊಲ ಮೇಯ್ದದ್ದು ಎನ್ನಬಹುದು ನೀವು.
ಹೊಲ ಕಾಯಲು ಹೋಗಿ ಬೇಲಿ ಬೆಂಕಿ ಹೊತ್ತಿಕೊಂಡದ್ದು ಅಂತ ನಾನು.

ಬಾಗಿಲಲ್ಲಿ ಲಾವಾಲಿ ಕೇಳಿದ್ದ: "ಯಾವ ದಾರ?"
ಹದಿನೈದು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ.
ಕರಗುವ ದಾರ, ಅಂದೆ.
ಅವನು ಬೆರಳು ಬೆರಳಿಗೆ ಉಜ್ಜಿ ನೋಡಿಕೊಂಡ.
"ನೆನೆದು ಪಿಸಿದ ಬಟ್ಟೆಗೆ ಯಾವ ದಾರವೂ ಆಗದು.
ಗಟ್ಟಿ ಬಟ್ಟೆ ಸಿಗುವ ತನಕ ಕತ್ತರಿಸಬೇಕು."

ಡಾಕ್ಟರ್ ಹರೂನಾಗೆ ಅದನ್ನು ನಾನು ಹೇಳಲಿಲ್ಲ.
ಕರುಳಿನ ಉದ್ದಕ್ಕೂ ಹುಣ್ಣು, ಅಲಸಂದೆ ಕಾಳಿನ ಗಾತ್ರ.
ಒಂದು ತೂತು. ಎಣಿಸಿದೆ. ಇನ್ನೊಂದು.
ಮೂರನೆಯದು ಇನ್ನೂ ತೂತಲ್ಲ,
ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಕಾಯುತ್ತಿತ್ತು.
ಮೊದಲ ಹೊಲಿಗೆ ಬಿಗಿದರು,
ದಾರವೇ ಕರುಳನ್ನು ಕೊಯ್ದುಕೊಂಡು ಆಚೆ ಬಂತು.
ಎರಡನೆಯದೂ.
ಡಾಕ್ಟರು ಸುಮ್ಮನೆ ಕೈ ಚಾಚಿದರು. ಕತ್ತರಿ ಕೊಟ್ಟೆ.

ಒಂದೂವರೆ ಅಡಿ ಬೋಗುಣಿಗೆ ಬಿತ್ತು.
ಹನ್ನೆರಡು ಲೀಟರ್ ಉಪ್ಪುನೀರು ಸುರಿದು ತೊಳೆದೆವು,
ಅವಳ ಕೇರಿಯಲ್ಲಿ ಒಬ್ಬರ ದಿನದ ಪಾಲು.
ಉಳಿದ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದರು,
ಕೆಂಪಗೆ, ಒದ್ದೆಯಾಗಿ, ಏನೋ ಹೇಳಹೊರಟ ತುಟಿಯಂತೆ.
ಸೂಜಿ ಹನ್ನೊಂದು. ಸರಿ.

ಬದುಕಿದಳು. ಬದುಕಿದ್ದಕ್ಕೇ ಸಿಟ್ಟಾದಳು:
ಹೊಟ್ಟೆಗೆ ಅಂಟಿದ ಚೀಲ, ಅದರ ವಾಸನೆ,
ಪಕ್ಕದ ಹಾಸಿಗೆಯ ಹುಡುಗನ ನಗು.
ಇಪ್ಪತ್ತನೆಯ ದಿನ ಲಾವಾಲಿ ಹೊಸ ಅಂಗಿ ತಂದ.
ಬಲಗಡೆ, ಒಳಮೈಗೆ, ಚೀಲದ ಅಳತೆಗೆ ಒಂದು ಜೇಬು.
ಹೊರಗೆ ಏನೂ ಕಾಣದು.
ಜೇಬಿನೊಳಗೆ, ಯಾರೂ ನೋಡದ ಕಡೆ,
ಹಳದಿ ರೇಷ್ಮೆಯಲ್ಲಿ ಎದೆಗೆ ಹಾಕುವ ಕಸೂತಿ.
ಅವಳು ಅದನ್ನು ತಿರುವಿ ನೋಡಿದಳು, ಬಹಳ ಹೊತ್ತು,
ನಗಲಿಲ್ಲ. ತೊಟ್ಟುಕೊಂಡಳು.

ವಾಸಿಯಾದ ಕೆಲವರ ಪಿತ್ತಕೋಶದಲ್ಲಿ
ಅದು ಬಾಡಿಗೆ ಕೊಡದೆ ಉಳಿದುಬಿಡುತ್ತದೆ,
ಉಂಡ ಮನೆಯ ಜಂತೆ ಎಣಿಸುತ್ತ.
ನೋವಿಲ್ಲ, ಜ್ವರವಿಲ್ಲ, ಗೊತ್ತೇ ಆಗದು.
ಹನ್ನೆರಡರ ವಯಸ್ಸಿನಲ್ಲಿ ನನಗೂ ಬಂದಿತ್ತು ಆ ಜ್ವರ.

ಅಂದು ಮನೆಗೆ ಹೋಗಿ
ತಂಗಿಯ ಮಕ್ಕಳಿಗೆ ಸಜ್ಜೆ ಹಿಟ್ಟು ಕಲಸುವ ಮೊದಲು
ಕೈ ತೊಳೆದೆ. ಮತ್ತೊಮ್ಮೆ ತೊಳೆದೆ.
ಮೂರನೆಯ ಸಲಕ್ಕೆ
ಕ್ಯಾನಿನಲ್ಲಿ ನೀರಿರಲಿಲ್ಲ.