ನಾವು ಹಾಕದ ಹಸಿರು

ಕೊಣಾಜೆ ಗುಡ್ಡದ ಮುರಕಲ್ಲು ಕೊರೆದು ಮಾಡಿದ ಕೆಳಮಹಡಿ.
ಕಿಟಕಿಯಿಲ್ಲ. ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತದೆ.
ತೇವಾಂಶ ಎಪ್ಪತ್ತೆಂಟು ಎನ್ನುತ್ತದೆ ಗೋಡೆಯ ಮುಳ್ಳು.
ಕಡಲು ಎಷ್ಟು ದೂರ ಇದ್ದರೇನು,
ಉಪ್ಪು ಮೆಟ್ಟಿಲಿಳಿದು ಬರುತ್ತದೆ.

ಫೈಬರು ತಲೆಗೂದಲಿಗಿಂತ ತುಸುವೇ ದಪ್ಪ.
ಅದರುದ್ದಕ್ಕೂ ಗಾಳಿಯ ಕೊಳವೆಗಳು, ಜೇನಿನ ಎರಿಯ ಹಾಗೆ;
ನಡುವೆ ಐದು ಮೈಕ್ರಾನಿನ ಗಾಜಿನ ದಾರಿ.
ತುದಿ ಓರೆಯಾದರೆ ಬೆಳಕು ಒಳಗೆ ಹೋಗುವುದಿಲ್ಲ.
ನಾನು ಕತ್ತರಿಸಿದ ಇಪ್ಪತ್ತರಲ್ಲಿ ಹದಿನಾರು ಓರೆ.
ಮೀಟರಿಗೆ ಎಷ್ಟು ಸಾವಿರವೆಂದು ಲೂವಿಸ್ ಸರ್
ಬಾಯಿಬಿಟ್ಟು ಹೇಳುವವರಲ್ಲ.
ಕನ್ನಡಕ ತೆಗೆದು ಒರೆಸುತ್ತಾರೆ, ಅಷ್ಟೆ.

ನೆಲ ಒರೆಸುತ್ತಿದ್ದ ಅಪ್ಪಿಯಕ್ಕ ಸೊಂಟ ಹಿಡಿದು ಎದ್ದಳು.
"ನಾನೊಮ್ಮೆ ನೋಡ್ಲಾ ಟೀಚರೆ?"

ಇಪ್ಪತ್ತಾರು ವರ್ಷ ಬೀಡಿ ಕಟ್ಟಿದ ಕೈ.
ನೆನೆಸಿದ ಎಲೆ, ಕಬ್ಬಿಣದ ಅಚ್ಚು, ಕತ್ತರಿ,
ಚಿಟಿಕೆ ಹೊಗೆಸೊಪ್ಪು, ಒಂದೇ ಸುರುಳಿ, ನೂಲು,
ಉಗುರಿನಷ್ಟು ತಗಡಿನಿಂದ ಬಾಯಿ ಮುಚ್ಚುವುದು.
ದೇರಳಕಟ್ಟೆ ಡಿಪೋದ ಮೋನಾಕ ಕಟ್ಟು ಬಿಚ್ಚಿ
ಕಿವಿಯ ಹತ್ತಿರ ತಂದು ಹಿಸುಕಿ
ಕೆಟ್ಟದ್ದನ್ನು ಬದಿಗೆ ಎಸೆಯುತ್ತಿದ್ದನಂತೆ.
"ಸಾವಿರಕ್ಕೆ ಇಷ್ಟು. ಎರಡು ಸಾವಿರಕ್ಕೆ ಅದರ ಎರಡರಷ್ಟು,
ಎಸೆದದ್ದು ಕಳೆದು. ಲೆಕ್ಕ ಅಂದ್ರೆ ಅದೇ ಅಲ್ವಾ?"

ಉಸಿರು ಹಿಡಿದಳು. ಟಿಕ್.
ಮೈಕ್ರೋಸ್ಕೋಪಿನಲ್ಲಿ ತುದಿ
ಹರಿವಾಣದ ನೀರಿನಷ್ಟು ಮಟ್ಟಸ.
ಕೊಳವೆಗಳಿಗೆ ತೇವ ನುಗ್ಗದಂತೆ
ಕಿಡಿ ಹಾರಿಸಿ ತುದಿ ಬೆಸೆಯಬೇಕು ಎಂದು ತೋರಿಸಿದೆ.
"ಓ, ಬಾಯಿ ಮುಚ್ಚುವುದಾ!" ಎಂದಳು,
ದೂರದೂರಲ್ಲಿ ತವರಿನವರು ಸಿಕ್ಕಿದ ಹಾಗೆ.

ರಾತ್ರಿ ಎಂಟೂಮುಕ್ಕಾಲು. ಇಬ್ಬರಿಗೂ ಕನ್ನಡಕ.
ಈ ಲೇಸರು ಕಣ್ಣಿಗೆ ಕಾಣದ್ದು; ಹಿಡಿದ ಕಾರ್ಡಿನ ಮೇಲೆ
ಕಿತ್ತಳೆ ಚುಕ್ಕೆ ಮೂಡಿದರೆ ಇದೆ ಎಂದರ್ಥ.
ಮೊದಲು ಸ್ವಲ್ಪ ಕೊಟ್ಟೆ. ಆಚೆ ಸ್ವಲ್ಪ ಬಂತು.
ಎರಡರಷ್ಟು ಕೊಟ್ಟೆ, ಎರಡರಷ್ಟು ಬಂತು.
ಮೋನಾಕನ ಲೆಕ್ಕ. ಗಾಜಿಗೆ ಏನೂ ಅನ್ನಿಸಿಲ್ಲ,
ಯಾರು ನಡೆದರೂ ರಸ್ತೆ ರಸ್ತೆಯೇ.

ಗುಂಡಿ ತಿರುಗಿಸುತ್ತ ಹೋದೆ.
ಒಂದು ಹಂತ ದಾಟಿದ ಮೇಲೆ
(ಪ್ರಬಂಧದಲ್ಲಿ ಇದಕ್ಕೆ ನಾಲ್ಕು ಪುಟ ಸಮೀಕರಣ ಬರೆದಿದ್ದೇನೆ)
ಬೆಳಕಿನ ಭಾರಕ್ಕೆ ಗಾಜು ಚೂರು ಬದಲಾಗುತ್ತದೆ,
ಬದಲಾದ ಗಾಜಿನಲ್ಲಿ ನಡೆದ ಬೆಳಕು
ಹೊರಟ ಬೆಳಕಾಗಿ ಉಳಿಯುವುದಿಲ್ಲ.

ಸುರುಳಿಯಲ್ಲಿ ಮೊದಲು ಮಂಕು ಕೆಂಪು.
ಆಮೇಲೆ ಅರಸಿನ. ಆಮೇಲೆ, ತಟ್ಟನೆ, ಹಸಿರು.
ಎದುರು ಗೋಡೆಯಲ್ಲಿ ಬಿಳಿಯದೊಂದು ಬೊಟ್ಟು,
ಅಂಚಿಗೆ ನೀಲಿ.

"ನೀವು ಹಸಿರು ಹಾಕಿದ್ದಾ?"
"ಇಲ್ಲ."
"ಮತ್ತೆ ಎಲ್ಲಿಂದ ಬಂತು ಮಾರಾಯ್ತಿ?"

ಎರಡು ಕಣ ಹೋಗಿ ಬೇರೆರಡು ಹುಟ್ಟುತ್ತವೆ, ಎಂದೆ.
ಒಂದಕ್ಕೆ ಹೆಚ್ಚು ಸಿಕ್ಕರೆ ಇನ್ನೊಂದಕ್ಕೆ ಅಷ್ಟೇ ಕಡಿಮೆ.
ಅಪ್ಪಿಯಕ್ಕ ಬೆರಳು ಮಡಚಿ ಎಣಿಸಿದಳು.
"ಹಾಗಾದ್ರೆ ಒಟ್ಟು ತಪ್ಪಲಿಲ್ಲ."
"ತಪ್ಪಲಿಲ್ಲ."
"ಎಸೆದದ್ದೂ ಇಲ್ಲ."
"ಉಂಟು. ಬದಿಯಿಂದ ಸೋರುತ್ತದೆ.
ಸೋರಿದ್ದಷ್ಟೇ ಈ ಸುರುಳಿಯಲ್ಲಿ ನಮಗೆ ಕಾಣುವುದು."
ಅವಳು ತುಂಬ ಹೊತ್ತು ಸುರುಳಿಯನ್ನೇ ನೋಡಿದಳು.
ನಾನು ಸ್ಪೆಕ್ಟ್ರಮ್ಮನ್ನು ಉಳಿಸಿಕೊಳ್ಳುವುದರಲ್ಲಿದ್ದೆ.

ಲಾಗ್ ಪುಸ್ತಕದಲ್ಲಿ ತಾರೀಕು, ಪವರು, ತೇವಾಂಶ ಬರೆದೆ.
ತುದಿ ಕತ್ತರಿಸಿದವರು: ಅಪ್ಪಿ.
ಹುದ್ದೆಯ ಕಾಲಮ್ಮಿನಲ್ಲಿ ಪೆನ್ನು ನಿಂತಿತು.
ಸರ್ ನಾಳೆ ಕೇಳಬಹುದು.

ಸ್ಟೇಟ್‌ಬ್ಯಾಂಕಿನ ಕೊನೆಯ ಬಸ್ಸಿಗೆ ಇನ್ನು ಹತ್ತು ನಿಮಿಷ.
ಬಾಗಿಲ ಹಾಜರಿ ಯಂತ್ರದ ಮೇಲೆ ಅವಳು ಬೆರಳಿಟ್ಟಳು.
ಎಲೆಗೂ ನೂಲಿಗೂ ಉಜ್ಜಿ ಉಜ್ಜಿ
ಗೆರೆಯೆಲ್ಲ ಹೋಗಿರುವ ಬೆರಳು.
ಕೆಂಪು ದೀಪ. ಮತ್ತೊಮ್ಮೆ ಇಡಿ.
ಕೆಂಪು. ಮತ್ತೊಮ್ಮೆ ಇಡಿ.
ಮೂರನೆಯ ಸಲಕ್ಕೂ ಅದೇ.
"ಇದಕ್ಕೆ ನಾವು ಹಾಕಿದ್ದೂ ಕಾಣುವುದಿಲ್ಲ" ಎಂದು ನಕ್ಕು
ವಾಚ್‌ಮ್ಯಾನ್ ನೀಡಿದ ರಿಜಿಸ್ಟರಿನಲ್ಲಿ ಸಹಿ ಹಾಕಿ
ಚಪ್ಪಲಿ ಹುಡುಕತೊಡಗಿದಳು.